ಹಳೇ ಹೆಂಚಿನ ಮನೆ ಮುಟ್ಟುವ ಮುಂಚೆ ಅದನ್ನು ಓದುವುದು ಹೇಗೆ?

ಶಿವಮೊಗ್ಗದ ದುರ್ಗಿಗುಡಿ ಕಡೆ ನಡೆದು ಹೋದರೆ ಎರಡು ಕಾಂಪ್ಲೆಕ್ಸ್‌ಗಳ ನಡುವೆ ಇನ್ನೂ ಒಂದೊಂದು ಹೆಂಚಿನ ಮನೆ ಕಾಣುತ್ತದೆ. ನಿಮ್ಮದೂ ಅಂಥ ಮನೆಯೇ? ಮನೆಯಲ್ಲಿ "ಕೆಡವಿ ಆರ್‌ಸಿಸಿ ಹಾಕಿಬಿಡೋಣ" ಅನ್ನುವ ಮಾತು ಶುರುವಾಗಿದೆಯೇ? ಹಾಗಿದ್ದರೆ ಎರಡು ಭಾನುವಾರ ಬಿಡುವು ಮಾಡಿಕೊಳ್ಳಿ. ಅಳತೆ ಟೇಪು, ಟಾರ್ಚು, ಸ್ಕ್ರೂಡ್ರೈವರ್, ಒಂದು ನೋಟ್‌ಬುಕ್ಕು ಸಾಕು.

ಮೊದಲ ಕೆಲಸ ನಕ್ಷೆ. ಅಡಿ ಲೆಕ್ಕಕ್ಕಿಂತ ಮುಂಚೆ ಅಂಕಣ ಎಣಿಸಿ, ಅಂದರೆ ಎರಡು ಕಂಬಸಾಲಿನ ನಡುವಿನ ಜಾಗ. ನಮ್ಮ ಕಡೆ ಹಿರಿಯರು ಮನೆಯ ಗಾತ್ರ ಹೇಳುತ್ತಿದ್ದದ್ದೇ ಹಾಗೆ, ಐದು ಅಂಕಣದ ಮನೆ, ಏಳು ಅಂಕಣದ ಮನೆ ಅಂತ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲ ಬರೆದುಕೊಳ್ಳಿ. ಅಂಕಣದ ಸಾಲು ಎಲ್ಲಿ ತಪ್ಪುತ್ತದೋ ಅಲ್ಲಿ ಯಾರೋ ಆಮೇಲೆ ಸೇರಿಸಿದ ಕೋಣೆ ಇರುತ್ತದೆ. ಮೂಲ ಮನೆ ಯಾವುದು, ನಂತರದ್ದು ಯಾವುದು ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.

ಈಗ ಅಟ್ಟ ಹತ್ತಿ. ನನಗೆ ತುಂಬಾ ಇಷ್ಟದ ಕೆಲಸ ಇದು. ಟಾರ್ಚು ಹಿಡಿದು ತೊಲೆ, ಪಕಾಸು (ಮಾಡಿನ ಇಳಿಜಾರಿನ ಮರ), ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಒಂದೊಂದಾಗಿ ನೋಡಿ. ನೀರು ಇಳಿದ ಕಡೆ ಮರದ ಮೇಲೆ ಕಪ್ಪು ಗೆರೆ ಇರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ. ಮೊನೆ ಸಲೀಸಾಗಿ ಒಳಗೆ ಹೋದರೆ ಮರ ಲಡ್ಡಾಗಿದೆ. ಠಣ್ ಅಂತ ತಡೆದರೆ, ಮೇಲೆ ಎಷ್ಟೇ ಕಪ್ಪಗಿದ್ದರೂ ಮರ ಗಟ್ಟಿ. ಬಹಳ ಸಲ ಕೊಳೆತಿರುವುದು ಸೂರಿನ ಕಡೆಯ ಒಂದೆರಡು ಅಡಿ ಮಾತ್ರ. ಅಷ್ಟಕ್ಕೆ ಇಡೀ ಮಾಡನ್ನೇ ಇಳಿಸಬೇಕಾಗಿಲ್ಲ.

ಒಡೆದ ಹೆಂಚೊಂದನ್ನು ಕೆಳಗಿಳಿಸಿ ತಿರುಗಿಸಿ ನೋಡಿ. ಪಾಚಿ ಉಜ್ಜಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುವುದು ಕಾಣುತ್ತದೆ. "ಬಾಸೆಲ್ ಮಿಷನ್, 1865" ಅಂತ ಇದ್ದರೆ ನಮ್ಮ ಮನೆ 1865ರದ್ದು ಅಂತ ಖುಷಿಪಡಬೇಡಿ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಒಂದು ಕ್ರೈಸ್ತ ಮಿಷನರಿ ಸಂಸ್ಥೆ, 1865 ಮಂಗಳೂರಿನಲ್ಲಿ ಅದರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಮೊದಲ ಮಹಾಯುದ್ಧದ ಸಮಯದಲ್ಲಿ ಮಿಷನ್ನಿನ ಕೈಯಿಂದ ಕಾರ್ಖಾನೆಗಳು ಹೋದವು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಸೇರಿದವು. ಹಾಗಾಗಿ ಈ ಎರಡರಲ್ಲಿ ಯಾವ ಹೆಸರಿದೆ ಎನ್ನುವುದು ಕಾಲದ ಒಂದು ಸುಳಿವು. ಅದೂ ಬರೀ ಸುಳಿವು, ಯಾಕೆಂದರೆ ಹೆಂಚನ್ನು ಒಂದು ಮನೆಯಿಂದ ಇಳಿಸಿ ಇನ್ನೊಂದಕ್ಕೆ ಹೊದಿಸುವುದು ಮಲೆನಾಡಿನಲ್ಲಿ ಮಾಮೂಲು.

ಗೋಡೆಯ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಬೀಗದ ಕೈಯಿಂದ ಮೂಲೆಯಲ್ಲಿ ಸ್ವಲ್ಪ ಕೆರೆಯಿರಿ. ಬೆಳ್ಳಗೆ ಪುಡಿಯಾಗಿ ಉದುರಿದರೆ ಸುಣ್ಣದ ಗಾರೆ, ಒಳಗೆ ಮಣ್ಣೋ ಜಂಬಿಟ್ಟಿಗೆಯೋ (ಕೆಂಪು ಮುರಕಲ್ಲು) ಇರುತ್ತದೆ. ಇಂಥ ಗೋಡೆ ಮಳೆಗಾಲದಲ್ಲಿ ತೇವ ಎಳೆದುಕೊಂಡು ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ನಮ್ಮ ಅಜ್ಜಿಮನೆಯಲ್ಲಿ ಆದದ್ದು ಇದೇ. ಮೇಸ್ತ್ರಿ ಹೇಳಿದ್ದನ್ನು ನಂಬಿ ಜಗಲಿ ಗೋಡೆಗೆ ಚೆಂದಾಗಿ ಸಿಮೆಂಟ್ ಮಾಡಿಸಿದೆವು. ಎರಡನೇ ಮಳೆಗಾಲಕ್ಕೆ ತಟ್ಟಿದರೆ ಡಬಡಬ ಸದ್ದು. ಒಂದು ಹಾಳೆ ಕಳಚಿ ಬಿತ್ತು ನೋಡಿ, ಹಿಂದಿದ್ದ ಮಣ್ಣು ಕೈಗೆ ಹಿಟ್ಟಿನ ಹಾಗೆ ಮೆತ್ತಿಕೊಂಡಿತು. ಅವತ್ತು ಅಜ್ಜಿ ಏನೂ ಮಾತಾಡಲಿಲ್ಲ, ಸುಮ್ನೆ ಪೊರಕೆ ತಂದು ಗುಡಿಸಿದರು. ನನಗೆ ಅದು ಇವತ್ತಿಗೂ ಮರೆತಿಲ್ಲ. ಸುಣ್ಣದ ಗೋಡೆಗೆ ಸುಣ್ಣದಲ್ಲೇ ರಿಪೇರಿ ಮಾಡಿಸಿ. ಆ ಕೆಲಸ ಗೊತ್ತಿರುವವರನ್ನು ಹುಡುಕಲು ಒಂದು ತಿಂಗಳು ಜಾಸ್ತಿ ಹಿಡಿದರೂ ಪರವಾಗಿಲ್ಲ.

ಕಂಬದ ಬುಡ, ಕಂಬದ ತಲೆಯ ಮೇಲಿನ ಬೋದಿಗೆ, ಬಾಗಿಲ ಪಟ್ಟಿಯ ಕೆತ್ತನೆ, ಕಿಟಕಿ ಮೇಲಿನ ಬಣ್ಣದ ಗಾಜು, ಕೆಂಪು ಗಾರೆ ನೆಲ, ಇವುಗಳ ಫೋಟೋ ಹತ್ತಿರದಿಂದ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಅಳತೆಯೂ ಸಿಗುತ್ತದೆ. ಒಳ್ಳೆಯ ಮರಗೆಲಸ ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗಬೇಕಾದರೆ ನಮ್ಮೂರಿನ ಶಿವಪ್ಪನಾಯಕ ಅರಮನೆಯ ಕಂಬಗಳನ್ನು ಅರ್ಧ ಗಂಟೆ ನಿಂತು ನೋಡಿ. ತೀರ್ಥಹಳ್ಳಿ ಕಡೆ ಹೋದರೆ ಕುಪ್ಪಳಿಯ ಕವಿಮನೆಗೂ, ಅಂದರೆ ಕುವೆಂಪು ಅವರ ಮನೆಗೂ ಹೋಗಿ. ಮಲೆನಾಡಿನ ದೊಡ್ಡ ತೊಟ್ಟಿಮನೆ ಹೇಗಿತ್ತು ಅಂತ ಅಲ್ಲಿ ಒಳಗೇ ಓಡಾಡಿ ನೋಡಬಹುದು.

ಕಾಗದಪತ್ರಕ್ಕೆ ಒಂದು ದಿನ ಸಾಕು. ಹಳೇ ಕ್ರಯಪತ್ರ, ಕಂದಾಯ ರಸೀದಿ, ಖಾತೆ ಎಲ್ಲ ಹುಡುಕಿ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ನಾಲ್ಕೂ ದಿಕ್ಕಿಗೆ ಏನಿತ್ತು ಅಂತ ಬರೆದಿರುತ್ತಾರೆ. ಈಗ ಬಸ್ಸು ಓಡಾಡುವ ರಸ್ತೆ ಆಗ ಯಾರದೋ ಗದ್ದೆಯಾಗಿದ್ದಿರಬಹುದು.

ಕಡೆಗೆ, ಮನೆಯ ಹಿರಿಯರನ್ನು ಜಗಲಿಗೆ ಕರೆದು ಕೂರಿಸಿ, ನಕ್ಷೆ ಕೈಗೆ ಕೊಡಿ. ಬಾಣಂತಿ ಕೋಣೆ ಯಾವುದಿತ್ತು, ಭತ್ತ ಎಲ್ಲಿ ತುಂಬಿಡುತ್ತಿದ್ದರು, ಜೋರು ಮಳೆಗೆ ಎಲ್ಲಿ ಪಾತ್ರೆ ಇಡುತ್ತಿದ್ದರು ಅಂತ ಕೇಳಿ. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲೇ, ಟೇಪಿನ ಅಳತೆಯ ಪಕ್ಕದಲ್ಲಿ, ಅದನ್ನೂ ಬರೆದುಕೊಳ್ಳಿ.