ಆಟಗಾರನನ್ನು ಮಾರಿಯೂ ತಂಡ ಕಟ್ಟುವುದು ಹೇಗೆ?

ಆಗಸ್ಟ್ ಬಂತೆಂದರೆ ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಒಂದೇ ಮಾತು: "ಇದ್ದ ಒಬ್ಬ ಒಳ್ಳೇ ಆಟಗಾರನನ್ನೂ ನಮ್ಮ ಮಾಲೀಕ ಮಾರಿಬಿಟ್ಟ." ಕೆಲವು ಸಲ ಈ ಬೈಗುಳ ನ್ಯಾಯವೇ. ಇನ್ನು ಕೆಲವು ಸಲ ಹಾಗೆ ಮಾರಿದ್ದರಿಂದಲೇ ತಂಡ ಮೇಲೆ ಬಂದಿರುತ್ತದೆ. ಯಾವುದು ಯಾವಾಗ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹೊತ್ತು ಮಾಲೀಕರ ಕುರ್ಚಿಯಲ್ಲಿ ಕೂತು ನೋಡಬೇಕು. ಕ್ಲಬ್ ನಿಮ್ಮದೇ ಅಂತಿಟ್ಟುಕೊಳ್ಳಿ. ದೊಡ್ಡ ಕ್ಲಬ್ ಏನಲ್ಲ, ಅಷ್ಟೇನೂ ಚಿಕ್ಕದೂ ಅಲ್ಲ.

ಪಾಠ ಕಲಿಯಲು ಬ್ರೈಟನ್‌ಗಿಂತ ಒಳ್ಳೇ ಉದಾಹರಣೆ ನನಗೆ ಕಾಣುತ್ತಿಲ್ಲ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈ ಕ್ಲಬ್ 1997ರಲ್ಲಿ ಸ್ವಂತ ಮೈದಾನ ಕಳೆದುಕೊಂಡಿತ್ತು. ಮುಂದೆ ವರ್ಷಗಟ್ಟಲೆ ಓಟದ ಟ್ರ್ಯಾಕ್ ಇದ್ದ ಅಥ್ಲೆಟಿಕ್ಸ್ ಮೈದಾನವೊಂದರಲ್ಲಿ ಆಡುತ್ತಿತ್ತು. 2009ರಲ್ಲಿ ಟೋನಿ ಬ್ಲೂಮ್ ಕ್ಲಬ್ಬನ್ನು ಕೈಗೆ ತೆಗೆದುಕೊಂಡರು. ಪೋಕರ್ ಆಟಗಾರ, ಬೆಟ್ಟಿಂಗ್ ಲೆಕ್ಕಾಚಾರದಲ್ಲಿ ದುಡ್ಡು ಮಾಡಿದ ಮನುಷ್ಯ. ಅವರ ತಾತನೂ ಇದೇ ಕ್ಲಬ್ಬಿನ ಆಡಳಿತದಲ್ಲಿದ್ದವರು. 2011ರಲ್ಲಿ ಹೊಸ ಸ್ಟೇಡಿಯಂ, 2017ರಲ್ಲಿ ಪ್ರೀಮಿಯರ್ ಲೀಗ್, 2023ರಲ್ಲಿ ಆರನೇ ಸ್ಥಾನ. ಈ ದಾರಿಯುದ್ದಕ್ಕೂ ಮಾರಾಟ ನಡೆದೇ ಇತ್ತು.

ಹಂತ 1: ಲೆಕ್ಕದ ಪುಸ್ತಕ ಓದಲು ಕಲಿಯಿರಿ

ಐಪಿಎಲ್ ನೋಡುವವರಿಗೆ ಇಲ್ಲೊಂದು ಗೊಂದಲ ಆಗುತ್ತದೆ. ಐಪಿಎಲ್ ಹರಾಜಿನಲ್ಲಿ ಕೂಗುವ ಬೆಲೆ ಆಟಗಾರನ ಸಂಬಳ. ಫುಟ್‌ಬಾಲ್‌ನಲ್ಲಿ ಟ್ರಾನ್ಸ್‌ಫರ್ ಮೊತ್ತ ಹೋಗುವುದು ಹಳೇ ಕ್ಲಬ್ಬಿಗೆ. ಆಟಗಾರನ ಸಂಬಳ ಬೇರೆ. ಅಂದರೆ ಕ್ಲಬ್ ಮಾರುತ್ತಿರುವುದು ಆತನ ಕಾಂಟ್ರ್ಯಾಕ್ಟನ್ನು.

ಕೊಂಡ ಬೆಲೆಯನ್ನು ಲೆಕ್ಕದಲ್ಲಿ ಒಂದೇ ವರ್ಷಕ್ಕೆ ಬರೆಯುವುದಿಲ್ಲ, ಕಾಂಟ್ರ್ಯಾಕ್ಟ್ ಇರುವಷ್ಟು ವರ್ಷಕ್ಕೆ ಹಂಚುತ್ತಾರೆ. 50 ಲಕ್ಷ ಪೌಂಡ್ ಕೊಟ್ಟು ಐದು ವರ್ಷಕ್ಕೆ ಒಬ್ಬನನ್ನು ತಂದಿರಿ ಅನ್ನೋಣ. ವರ್ಷಕ್ಕೆ 10 ಲಕ್ಷ ಖರ್ಚು. ಎರಡು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಆತನ ಬೆಲೆ 30 ಲಕ್ಷ. ಆಗ 10 ಕೋಟಿಗೆ ಮಾರಿದರೆ 9 ಕೋಟಿ 70 ಲಕ್ಷ ಲಾಭ, ಅದೂ ಪೂರ್ತಿ ಅದೇ ವರ್ಷದ ಲೆಕ್ಕಕ್ಕೆ. ಕೊಂಡವರಿಗೆ ಮಾತ್ರ ಆ 10 ಕೋಟಿ ಹಲವು ವರ್ಷಗಳ ಖರ್ಚಾಗಿ ಹಂಚಿಹೋಗುತ್ತದೆ. ಎರಡೂ ಕಡೆಯವರು ನಗುತ್ತಾ ಫೋಟೋ ತೆಗೆಸಿಕೊಳ್ಳುವುದು ಸುಮ್ನೆ ಅಲ್ಲ.

ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನಾದರೆ ಪುಸ್ತಕದ ಬೆಲೆ ಸೊನ್ನೆ. ಬಂದಷ್ಟೂ ಲಾಭ. 2021ರಲ್ಲಿ ಬ್ರೈಟನ್ ತನ್ನ ಅಕಾಡೆಮಿಯ ಬೆನ್ ವೈಟ್‌ನನ್ನು ಆರ್ಸೆನಲ್‌ಗೆ 5 ಕೋಟಿ ಪೌಂಡ್‌ಗೆ ಮಾರಿತು. ಈ ಲೆಕ್ಕದ ಪದ್ಧತಿಯ ಕೆಟ್ಟ ಗುಣ ಇದೇ. ಊರಿನ ಹುಡುಗನನ್ನು ಮಾರಿದರೆ ಜಾಸ್ತಿ ಲಾಭ ಅಂತ ಅದು ಮಾಲೀಕರ ಕಿವಿಯಲ್ಲಿ ಸದಾ ಊದುತ್ತಿರುತ್ತದೆ.

ಹಂತ 2: ಬದಲಿ ಆಟಗಾರ ಮೊದಲು, ಮಾರಾಟ ಆಮೇಲೆ

ಬ್ರೈಟನ್‌ನವರ ಗುಟ್ಟು ಅಂತ ಏನಾದರೂ ಇದ್ದರೆ ಇದೇ. 2022ರ ಬೇಸಿಗೆಯಲ್ಲಿ ಮಿಡ್‌ಫೀಲ್ಡರ್ ಈವ್ ಬಿಸುಮಾ ಟಾಟನ್‌ಹ್ಯಾಮ್‌ಗೆ ಹೋದರು. ಆ ಜಾಗಕ್ಕೆ ಯಾರನ್ನೂ ಹುಡುಕಬೇಕಾಗಲಿಲ್ಲ. ಮೊಯಿಸೆಸ್ ಕೈಸೆಡೊ ಅಷ್ಟು ಹೊತ್ತಿಗಾಗಲೇ ಡ್ರೆಸ್ಸಿಂಗ್ ರೂಮಿನಲ್ಲಿದ್ದರು. ಎಕ್ವೆಡಾರ್‌ನ ಇಂಡಿಪೆಂಡಿಯೆಂಟೆ ಡೆಲ್ ವಾಯೆ ಕ್ಲಬ್ಬಿನಿಂದ 2021ರ ಫೆಬ್ರವರಿಯಲ್ಲಿ 50 ಲಕ್ಷ ಪೌಂಡ್ ಒಳಗೇ ಬಂದ ಹುಡುಗ. ಬಂದವನನ್ನು ನೇರ ಆಡಿಸಲಿಲ್ಲ, ಅರ್ಧ ವರ್ಷ ಬೆಲ್ಜಿಯಂನ ಬೀರ್‌ಸ್ಕಾಟ್ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ಎರವಲಾಗಿ ಕಳಿಸಿದರು. 2022ರ ಏಪ್ರಿಲ್‌ನಲ್ಲಿ ಲೀಗ್‌ನಲ್ಲಿ ಮೊದಲ ಸಲ ಆರ್ಸೆನಲ್ ವಿರುದ್ಧ ಇಳಿದು ಗೆದ್ದ ಮೇಲೆ ಆತನನ್ನು ತಂಡದಿಂದ ಕೈಬಿಡುವ ಮಾತೇ ಬರಲಿಲ್ಲ.

ಇದೇ ಬೇಸಿಗೆ ಎಡ ಬದಿಯ ಡಿಫೆಂಡರ್ ಕುಕುರೆಯಾ ಚೆಲ್ಸಿಗೆ ಹೋದರು. ಅದೇ ತಿಂಗಳು ವಿಯಾರಿಯಾಲ್‌ನಿಂದ ಎಸ್ತುಪಿನ್ಯಾನ್ ಬಂದರು. ಮರುವರ್ಷ ಕೈಸೆಡೊ ಹೋದಾಗ ಲಿಲ್‌ನಿಂದ ಕಾರ್ಲೋಸ್ ಬಲೇಬಾ ಬಂದರು.

ಬ್ರೆಂಟ್‌ಫರ್ಡ್ ಕೂಡ ಹೀಗೇ. 2020ರಲ್ಲಿ ಗೋಲು ಹೊಡೆಯುವ ಆಲಿ ವಾಟ್ಕಿನ್ಸ್‌ನನ್ನು ಆ್ಯಸ್ಟನ್ ವಿಲ್ಲಾಗೆ ಮಾರಿ, ಪೀಟರ್‌ಬರೋದಿಂದ ಐವನ್ ಟೋನಿಯನ್ನು ತಂದರು. ಮುಂದಿನ ಮೇ ತಿಂಗಳಲ್ಲಿ ಪ್ರೀಮಿಯರ್ ಲೀಗ್‌ಗೆ ಬಡ್ತಿ ಸಿಕ್ಕಿತು. ಅತ್ಯುತ್ತಮ ಸ್ಟ್ರೈಕರ್‌ನನ್ನು ಮಾರಿದ ವರ್ಷವೇ ಅವರ ಅತ್ಯುತ್ತಮ ವರ್ಷ!

ಇದಕ್ಕೆ ಖರ್ಚಿದೆ. ಬೆಂಚಿನ ಮೇಲೆ ಕೂರುವ, ಬೇರೆ ದೇಶದಲ್ಲಿ ಲೋನ್ ಮೇಲೆ ಆಡುವ ಹತ್ತಾರು ಹುಡುಗರಿಗೆ ಸಂಬಳ ಕೊಡಬೇಕು. ಅವರಲ್ಲಿ ಎಲ್ಲರೂ ಕೈಸೆಡೊ ಆಗುವುದಿಲ್ಲ. ಹೆಚ್ಚಿನವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಹಂತ 3: ಬೆಲೆಯನ್ನು ನೀವೇ ಗೊತ್ತು ಮಾಡಿ, ಅಲ್ಲಿಯವರೆಗೆ "ಇಲ್ಲ" ಅನ್ನಿ

2023ರ ಜನವರಿ. ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ಆರ್ಸೆನಲ್ ಕೈಸೆಡೊಗೆ ಮೊದಲು 6 ಕೋಟಿ, ಆಮೇಲೆ 7 ಕೋಟಿ ಪೌಂಡ್ ಕೊಡಲು ಮುಂದೆ ಬಂತು ಅಂತ ಸುದ್ದಿ. ಬ್ರೈಟನ್ ಒಪ್ಪಲಿಲ್ಲ. ಆಟಗಾರನೇ ಸಾಮಾಜಿಕ ಜಾಲತಾಣದಲ್ಲಿ "ನನ್ನನ್ನು ಬಿಡಿ" ಅಂತ ಬೇಡಿಕೊಂಡ. ಬಡ ಕುಟುಂಬದ ಹುಡುಗ, ದೊಡ್ಡ ಅವಕಾಶ, ಬೇಸರ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ಲಬ್ ಮಾತ್ರ ಆತನಿಗೆ ಕೆಲವು ದಿನ ರಜೆ ಕೊಟ್ಟು, ಟ್ರಾನ್ಸ್‌ಫರ್ ವಿಂಡೋ (ಆಟಗಾರರನ್ನು ಕೊಳ್ಳುವ, ಮಾರುವ ಅವಧಿ) ಮುಚ್ಚಿದ ಮೇಲೆ ಬಾ ಅಂದಿತು. ಮಾರ್ಚ್‌ನಲ್ಲಿ 2027ರವರೆಗೆ ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಬಿತ್ತು. ಸಂಬಳ ಏರಿತು. ತಂಡ ಆರನೇ ಸ್ಥಾನಕ್ಕೆ ಬಂತು, ಇತಿಹಾಸದಲ್ಲೇ ಮೊದಲ ಸಲ ಯುರೋಪಿನ ಕ್ಲಬ್ಬುಗಳ ಟೂರ್ನಿ ಯುರೋಪಾ ಲೀಗ್‌ಗೆ ಹೋಯಿತು.

ಆಗಸ್ಟ್‌ನಲ್ಲಿ ಲಿವರ್‌ಪೂಲ್ 11 ಕೋಟಿ 10 ಲಕ್ಷಕ್ಕೆ ಮಾತು ಮುಗಿಸಿತು. ಕೈಸೆಡೊ ಚೆಲ್ಸಿಗೇ ಹೋಗುತ್ತೇನೆ ಅಂದ. ಕೊನೆಗೆ ಚೆಲ್ಸಿ ಖಚಿತವಾಗಿ 10 ಕೋಟಿ, ಷರತ್ತುಗಳ ಮೇಲೆ ಇನ್ನೂ ಒಂದೂವರೆ ಕೋಟಿ ಕೊಡಲು ಒಪ್ಪಿತು. ಜನವರಿಯಿಂದ ಆಗಸ್ಟ್‌ವರೆಗೆ ಕಾದಿದ್ದಕ್ಕೆ ಕನಿಷ್ಠ 3 ಕೋಟಿ ಪೌಂಡ್ ಜಾಸ್ತಿ, ಜೊತೆಗೆ ಯುರೋಪಾ ಲೀಗ್.

ಗಮನಿಸಿ, "ಇಲ್ಲ" ಅಂದಿದ್ದು ಜನವರಿಯಲ್ಲಿ. ಸೀಸನ್ ನಡುವೆ ಮಾರಿದರೆ ಬದಲಿ ಆಟಗಾರ ಹೊಂದಿಕೊಳ್ಳಲು ಸಮಯವೇ ಇರುವುದಿಲ್ಲ. 2025ರ ಜನವರಿಯಲ್ಲೂ ಸೌದಿಯ ಅಲ್ ನಸ್ರ್ ಕ್ಲಬ್ ಕಾವೊರು ಮಿತೋಮಾಗೆ ದೊಡ್ಡ ಮೊತ್ತ ಹಿಡಿದು ಬಂದಿತ್ತು. ಬ್ರೈಟನ್ ಬಿಡಲಿಲ್ಲ. ಜಪಾನ್‌ನಿಂದ ಸುಮಾರು 30 ಲಕ್ಷಕ್ಕೆ ತಂದಿದ್ದ ಆಟಗಾರ ಆತ.

ಹಂತ 4: ಕಾಂಟ್ರ್ಯಾಕ್ಟ್ ಮೇಲೆ ಕಣ್ಣಿರಲಿ

"ಇಲ್ಲ" ಅನ್ನುವ ಧೈರ್ಯ ಬರುವುದು ಕಾಂಟ್ರ್ಯಾಕ್ಟ್‌ನಲ್ಲಿ ವರ್ಷಗಳು ಉಳಿದಿದ್ದರೆ ಮಾತ್ರ. 2025ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಲೇಬಾ ಬೇಕು ಅಂದಾಗ ಬ್ರೈಟನ್ ಸಲೀಸಾಗಿ "ಇಲ್ಲ" ಅಂದಿತು. ಆತನ ಕಾಂಟ್ರ್ಯಾಕ್ಟ್ 2028ರವರೆಗೆ ಇತ್ತು.

ಎದುರು ಉದಾಹರಣೆ ಲೆಸ್ಟರ್. 2016ರಲ್ಲಿ ಲೀಗ್ ಗೆದ್ದ ಮೇಲೆ ಅವರು ಕೆಲವು ವರ್ಷ ಬಹಳ ಜಾಣತನದಿಂದ ಮಾರಿದರು: ಕಾಂಟೆ, ಮಾರೆಜ್, 8 ಕೋಟಿಗೆ ಮ್ಯಾಗ್ವಾಯರ್, ಆಮೇಲೆ ಚಿಲ್ವೆಲ್. ಬೇಸಿಗೆಗೆ ಒಬ್ಬ ದೊಡ್ಡ ಆಟಗಾರ, ಅಷ್ಟೇ. ಮುಂದೆ ಆಸೆ ದೊಡ್ಡದಾಯಿತು. ಐದನೇ ಸ್ಥಾನ ಎರಡು ಸಲ ಬಂದಾಗ ಯಾರಿಗೆ ತಾನೇ ಮಾರಲು ಮನಸ್ಸು ಬರುತ್ತದೆ? ಮಿಡ್‌ಫೀಲ್ಡರ್ ಟಿಲೆಮನ್ಸ್ ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಮಾಡಲಿಲ್ಲ, ಕ್ಲಬ್ ಮಾರಲೂ ಇಲ್ಲ. 2023ರಲ್ಲಿ ಲೆಸ್ಟರ್ ಕೆಳಗಿನ ಡಿವಿಷನ್‌ಗೆ ಬಿತ್ತು. ಕಾಂಟ್ರ್ಯಾಕ್ಟ್ ಮುಗಿದ ಟಿಲೆಮನ್ಸ್ ಲೆಸ್ಟರ್‌ಗೆ ಬಿಡಿಗಾಸೂ ಬಾರದಂತೆ ಆ್ಯಸ್ಟನ್ ವಿಲ್ಲಾಗೆ ಹೋದರು.

ಉಪಾಯ ಸರಳ. ಎರಡು ವರ್ಷ ಉಳಿದಾಗ ಮಾತುಕತೆಗೆ ಕೂರಿ. ಸಹಿ ಮಾಡಿದರೆ ಸರಿ, ಇಲ್ಲವಾದರೆ ಆ ಬೇಸಿಗೆಯೇ ಮಾರಿ.

ಹಂತ 5: ಜೂನ್ 30 ಮರೆಯಬೇಡಿ

ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಮೇಲೆ ವರ್ಷಗಳ ಕಾಲ ಇದ್ದ ನಿಯಮ, ಮೂರು ವರ್ಷಕ್ಕೆ ಸೇರಿ 10 ಕೋಟಿ 50 ಲಕ್ಷ ಪೌಂಡ್‌ಗಿಂತ ಜಾಸ್ತಿ ನಷ್ಟ ಆಗಬಾರದು ಅಂತ. ಹೆಚ್ಚಿನ ಕ್ಲಬ್ಬುಗಳ ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಟ್ರಾನ್ಸ್‌ಫರ್ ವಿಂಡೋ ಮಾತ್ರ ಆಗಸ್ಟ್ ಕೊನೆಯವರೆಗೂ ತೆರೆದಿರುತ್ತದೆ. ಒಳ್ಳೇ ಬೆಲೆ ಸಿಗುವುದು ಆ ಕೊನೆಯ ದಿನಗಳಲ್ಲೇ. ತಲೆನೋವು ಶುರುವಾಗುವುದು ಇಲ್ಲಿಂದ.

ನಾಟಿಂಗ್‌ಹ್ಯಾಮ್ ಫಾರೆಸ್ಟ್ ತನ್ನ ಅಕಾಡೆಮಿಯ ಬ್ರೆನನ್ ಜಾನ್ಸನ್‌ನನ್ನು 2023ರ ಜೂನ್‌ನಲ್ಲಿ ಮಾರಲಿಲ್ಲ. ಕಾದು, ಸೆಪ್ಟೆಂಬರ್ 1ಕ್ಕೆ ಟಾಟನ್‌ಹ್ಯಾಮ್‌ಗೆ 4 ಕೋಟಿ 75 ಲಕ್ಷಕ್ಕೆ ಮಾರಿತು. "ಕಾದಿದ್ದಕ್ಕೇ ಒಳ್ಳೇ ಬೆಲೆ ಬಂತು, ಇದರಲ್ಲಿ ತಪ್ಪೇನು?" ಅಂತ ವಿಚಾರಣೆಯಲ್ಲಿ ವಾದಿಸಿತು. ವ್ಯಾಪಾರಿಯ ಬುದ್ಧಿಗೆ ಅದು ಸರಿಯಾದ ವಾದವೇ. ಆದರೂ ಜೂನ್ 30ರ ಲೆಕ್ಕದಲ್ಲಿ ನಷ್ಟ ಮಿತಿ ಮೀರಿದ್ದಕ್ಕೆ ಲೀಗ್ ಪಟ್ಟಿಯಲ್ಲಿ ನಾಲ್ಕು ಅಂಕ ಕಡಿತವಾಯಿತು. ಫಾರೆಸ್ಟ್ ಹೇಗೋ 17ನೇ ಸ್ಥಾನದಲ್ಲಿ, ಕೆಳಗಿನ ಡಿವಿಷನ್‌ಗೆ ಬೀಳದೆ ಬದುಕಿಕೊಂಡಿತು.

ಅದನ್ನು ಕಣ್ಣಾರೆ ನೋಡಿದ್ದ ನ್ಯೂಕ್ಯಾಸಲ್ 2024ರ ಜೂನ್ ಕೊನೆಯಲ್ಲಿ ಗಾಬರಿ ಬಿದ್ದಿತು. ಸೌದಿ ಸರ್ಕಾರದ ನಿಧಿಯೇ ಮಾಲೀಕ, ದುಡ್ಡಿಗೇನೂ ಬರವಿಲ್ಲ. ಆದರೆ ಮಾಲೀಕರ ಜೇಬಿನ ದುಡ್ಡು ನಷ್ಟದ ಲೆಕ್ಕವನ್ನು ಅಳಿಸುವುದಿಲ್ಲ. ಊರಿನ ಪಕ್ಕದ ಹುಡುಗ, ಚಿಕ್ಕಂದಿನಿಂದ ನ್ಯೂಕ್ಯಾಸಲ್ ಅಭಿಮಾನಿ ಎಲಿಯಟ್ ಆ್ಯಂಡರ್ಸನ್ ಫಾರೆಸ್ಟ್‌ಗೆ ಹೋದ. ಕ್ಲಬ್ಬಿಗಾಗಿ ಒಂದು ಪಂದ್ಯವನ್ನೂ ಆಡದ ಯಾಂಕುಬಾ ಮಿಂಟೆ ಬ್ರೈಟನ್‌ಗೆ ಹೋದ. ಹೌದು, ಮತ್ತೆ ಬ್ರೈಟನ್. ಎದುರಿನವರ ಗಾಬರಿಯಲ್ಲಿ ತಮ್ಮ ಖರೀದಿ ಮುಗಿಸುವುದೂ ಈ ಕಸುಬಿನ ಭಾಗವೇ. ಆ್ಯಂಡರ್ಸನ್ ಮರುವರ್ಷ ಇಂಗ್ಲೆಂಡ್ ತಂಡಕ್ಕೆ ಆಡಿದ.

ಹಂತ 6: ಮಾರುವ ಕೈಗೆ ಮಿತಿ ಇರಲಿ

2014ರ ಬೇಸಿಗೆಯಲ್ಲಿ ಸೌತಾಂಪ್ಟನ್ ಐವರು ಮುಖ್ಯ ಆಟಗಾರರನ್ನು ಮಾರಿತು. ಲಲಾನಾ, ಲ್ಯಾಂಬರ್ಟ್, ಲೊವ್ರೆನ್ ಲಿವರ್‌ಪೂಲ್‌ಗೆ, ಲ್ಯೂಕ್ ಶಾ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಚೇಂಬರ್ಸ್ ಆರ್ಸೆನಲ್‌ಗೆ. ಕೋಚ್ ಕೂಡ ಹೊರಟುಹೋಗಿದ್ದರು. ಹೊಸ ಕೋಚ್ ರೊನಾಲ್ಡ್ ಕೂಮನ್ ಅಭ್ಯಾಸಕ್ಕೆ ತಯಾರು ಅಂತ ಬರೆದು, ಒಬ್ಬರೂ ಇಲ್ಲದ ಖಾಲಿ ಮೈದಾನದ ಫೋಟೋ ಟ್ವೀಟ್ ಮಾಡಿದರು. ಆದರೆ ಬಂದ ದುಡ್ಡಿನಲ್ಲಿ ಮಾನೆ, ಟಾಡಿಚ್, ಪೆಲ್ಲೆ ಬಂದರು. ತಂಡ ಏಳನೇ ಸ್ಥಾನ, ಮರುವರ್ಷ ಆರು. ಎಲ್ಲರೂ ಭೇಷ್ ಅಂದರು.

ಎಡವಿದ್ದು ಆಮೇಲೆ. ಪ್ರತಿ ವರ್ಷ ಒಬ್ಬಿಬ್ಬರು ಹೋಗುತ್ತಲೇ ಇದ್ದರು, ಪ್ರತಿ ಸಲವೂ ಬದಲಿ ಆಟಗಾರ ಒಂದು ಕೈ ಕಡಿಮೆಯೇ. 2018ರ ಜನವರಿಯಲ್ಲಿ ವಾನ್ ಡೈಕ್ 7 ಕೋಟಿ 50 ಲಕ್ಷಕ್ಕೆ ಲಿವರ್‌ಪೂಲ್‌ಗೆ ಹೋದರು. ಅದೇ ತಿಂಗಳು ದೊಡ್ಡ ಮೊತ್ತಕ್ಕೆ ಬಂದ ಸ್ಟ್ರೈಕರ್ ಕರಿಯೋ ಲೀಗ್‌ನಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ತಂಡ 17ನೇ ಸ್ಥಾನಕ್ಕೆ ಜಾರಿತು. 2023ರಲ್ಲಿ ಕೆಳಗಿನ ಡಿವಿಷನ್‌ಗೆ ಬಿದ್ದೇಬಿಟ್ಟಿತು.

ಮಾರುವ ಕ್ಲಬ್ಬಿಗೆ ನಿಜವಾದ ಆಸ್ತಿ ಆಟಗಾರನಲ್ಲ, ಅವನನ್ನು ಹುಡುಕುವವನು. ಚೆಲ್ಸಿಗೆ ಇದು ಚೆನ್ನಾಗಿ ಗೊತ್ತಿತ್ತು. 2022ರಲ್ಲಿ ಅವರು ಬ್ರೈಟನ್‌ನಿಂದ ಕುಕುರೆಯಾ ಒಬ್ಬರನ್ನೇ ಒಯ್ಯಲಿಲ್ಲ. ಕೋಚ್ ಗ್ರಹಾಂ ಪಾಟರ್‌ರನ್ನೂ ಒಯ್ದರು, ಆಟಗಾರರ ಆಯ್ಕೆ ನೋಡಿಕೊಳ್ಳುತ್ತಿದ್ದ ಪಾಲ್ ವಿನ್‌ಸ್ಟನ್ಲಿಯನ್ನೂ ಒಯ್ದರು. ಅದಕ್ಕೇ ಬದಲಿ ಕೋಚ್, ಬದಲಿ ಸ್ಕೌಟ್‌ಗಳ ಪಟ್ಟಿಯೂ ಮಾಲೀಕರ ಮೇಜಿನ ಮೇಲಿರಬೇಕು.

ಹಂತ 7: ದುಡ್ಡು ಎಲ್ಲಿ ಹೋಯಿತು ಅಂತ ತೋರಿಸಿ

2022-23ರಲ್ಲಿ ಬ್ರೈಟನ್ ತೆರಿಗೆ ಕಳೆದು 12 ಕೋಟಿ 28 ಲಕ್ಷ ಪೌಂಡ್ ಲಾಭ ತೋರಿಸಿತು. ಆವರೆಗೆ ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ಲಾಭ ಯಾರೂ ಮಾಡಿರಲಿಲ್ಲ. ಅದರಲ್ಲಿ ಕೈಸೆಡೊ ದುಡ್ಡು ಸೇರಿಲ್ಲ, ಅದು ಮುಂದಿನ ವರ್ಷದ್ದು! ಬ್ಲೂಮ್ ಕ್ಲಬ್ಬಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ ಆಗಲೂ 30 ಕೋಟಿ ಪೌಂಡ್‌ಗಿಂತ ಮೇಲಿತ್ತು, ಸ್ವಲ್ಪ ಭಾಗ ಅವರಿಗೆ ವಾಪಸ್ ಹೋಯಿತು. 2024ರ ಬೇಸಿಗೆಯಲ್ಲಿ ಕ್ಲಬ್ ಹೊಸ ಆಟಗಾರರ ಮೇಲೆ ಹತ್ತಿರತ್ತಿರ 20 ಕೋಟಿ ಸುರಿಯಿತು.

ಆದರೂ ಅಭಿಮಾನಿಗಳ ಗೊಣಗಾಟಕ್ಕೆ ಕಾರಣವಿದೆ. ಕೈಸೆಡೊ, ಇನ್ನೊಬ್ಬ ಮಿಡ್‌ಫೀಲ್ಡರ್ ಮ್ಯಾಕ್ ಅಲಿಸ್ಟರ್ ಇಬ್ಬರೂ ಹೋದ ಬೇಸಿಗೆಯ ನಂತರ ತಂಡ ಯುರೋಪಾ ಲೀಗ್‌ನಲ್ಲಿ ಅಯಾಕ್ಸ್, ಮಾರ್ಸೆಯ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು, ಆಮೇಲೆ ರೋಮಾದಲ್ಲಿ 4-0 ಸೋತಿತು. ಲೀಗ್‌ನಲ್ಲಿ 11ನೇ ಸ್ಥಾನ. ಆ ಇಬ್ಬರಲ್ಲಿ ಒಬ್ಬರನ್ನಾದರೂ ಇನ್ನೊಂದು ವರ್ಷ ಇಟ್ಟುಕೊಳ್ಳಬಹುದಿತ್ತು ಅಂತ ನನಗೂ ಅನಿಸುತ್ತದೆ. ಮ್ಯಾಕ್ ಅಲಿಸ್ಟರ್ ವಿಷಯದಲ್ಲಿ ಕ್ಲಬ್ಬಿನ ಕೈ ಕಟ್ಟಿತ್ತು ಅನ್ನುತ್ತಾರೆ, ಇಷ್ಟು ಕೊಟ್ಟರೆ ಬಿಡಲೇಬೇಕು ಅನ್ನುವ ಬಿಡುಗಡೆಯ ಮೊತ್ತ ಕಾಂಟ್ರ್ಯಾಕ್ಟ್‌ನಲ್ಲೇ ಬರೆದಿತ್ತಂತೆ. ವಿಶ್ವಕಪ್ ಗೆದ್ದ ಆಟಗಾರ ಬರೀ 3 ಕೋಟಿ 50 ಲಕ್ಷಕ್ಕೆ ಹೋದದ್ದನ್ನು ನೋಡಿದರೆ ಅದು ನಿಜವೇ ಇರಬೇಕು.

ನಿಮ್ಮ ಮೆಚ್ಚಿನ ಇಂಗ್ಲಿಷ್ ಕ್ಲಬ್ಬಿನ ಲೆಕ್ಕ ನೋಡಲು ಯಾರನ್ನೂ ಕೇಳಬೇಕಿಲ್ಲ. ಬ್ರಿಟನ್‌ನ ಕಂಪನೀಸ್ ಹೌಸ್ ವೆಬ್‌ಸೈಟ್‌ನಲ್ಲಿ ಕ್ಲಬ್ಬಿನ ಕಂಪನಿ ಹೆಸರು ಹಾಕಿದರೆ ವಾರ್ಷಿಕ ಲೆಕ್ಕಪತ್ರ ಪುಕ್ಕಟೆ ಸಿಗುತ್ತದೆ. ಆಟಗಾರರ ಮಾರಾಟದ ಲಾಭ ಎಷ್ಟು, ಮಾಲೀಕರ ಸಾಲ ಏರಿತೋ ಇಳಿಯಿತೋ ಅಂತ ಮೊದಲು ನೋಡಿ. ಆಮೇಲೆ ಕೊನೆಯ ಪುಟಗಳಿಗೆ ಹೋಗಿ. ಲೆಕ್ಕದ ವರ್ಷ ಮುಗಿದ ಮೇಲೆ ನಡೆದದ್ದನ್ನು ಅಲ್ಲೊಂದು ಟಿಪ್ಪಣಿಯಲ್ಲಿ ಬರೆದಿರುತ್ತಾರೆ. ಮಾರಿ ಬಂದ ದುಡ್ಡಿನಲ್ಲಿ ಎಷ್ಟು ಹೊಸ ಆಟಗಾರರ ಮೇಲೆ ಹೋಯಿತು ಅನ್ನುವುದು ಹೆಚ್ಚಾಗಿ ಆ ನಾಲ್ಕು ಸಾಲಿನಲ್ಲೇ ಸಿಗುತ್ತದೆ.