ಬೀರುವಿನಲ್ಲಿರುವ ಬಟ್ಟೆಯಲ್ಲೇ ಚಳಿಗಾಲ

ದೀಪಾವಳಿ ಮುಗಿಯುತ್ತಿದ್ದ ಹಾಗೆ ಅಂಗಡಿಗಳ ಮುಂದೆ ದಪ್ಪ ದಪ್ಪ ಜಾಕೆಟ್‌ಗಳು ನೇತಾಡಲು ಶುರುವಾಗುತ್ತವೆ. ಮನೆಯಲ್ಲಿ ಎಲ್ಲರೂ ಒಂದೊಂದು ಕೊಳ್ಳೋಣ ಅನ್ನುತ್ತಾರೆ. ನಾನು ಬೇಡ ಅನ್ನುವವಳು. ನಮ್ಮ ಕಡೆಯ ಚಳಿಗೂ ಆ ಜಾಕೆಟ್‌ಗೂ ಹೊಂದುವುದೇ ಇಲ್ಲ.

ಬೆಂಗಳೂರು, ಮೈಸೂರು, ಹಾಸನದ ಚಳಿಯನ್ನು ನೋಡಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ 15-16 ಡಿಗ್ರಿ. ಮಧ್ಯಾಹ್ನಕ್ಕೆ 26-27. ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು, ಅಂಥ ಚಳಿಯನ್ನು ನಾವ್ಯಾರೂ ಕಂಡಿಲ್ಲ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುವುದುಂಟು. ಆದರೆ ಅಲ್ಲೂ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಬೆಳಿಗ್ಗೆ ಏಳಕ್ಕೆ ಹಾಕಿಕೊಂಡು ಹನ್ನೊಂದಕ್ಕೆ ಕಳಚಿ ಚೀಲಕ್ಕೆ ಸೇರಿಸುವಂಥ ಬಟ್ಟೆ ನಮಗೆ ಬೇಕು. ದಪ್ಪ ಜಾಕೆಟ್ ಮಧ್ಯಾಹ್ನ ಕೈಮೇಲೆ ಹೊರೆಯಾಗಿ ಕೂರುತ್ತದೆ, ಬಸ್ಸಿನಲ್ಲಿ ಮರೆತೂ ಹೋಗುತ್ತದೆ.

ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಪದರ ಪದರಗಳ ನಡುವೆ ನಿಂತ ಗಾಳಿ ನಮ್ಮ ಮೈಬಿಸಿಯನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಇರುವುದು ಸವೆದ ಸೀರೆ, ಹಳೆ ಧೋತರಗಳೇ ಅಲ್ವಾ? ನಾಲ್ಕೈದು ಪದರ ಜೋಡಿಸಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿದರೆ ಎಂಥ ರಾತ್ರಿಗೂ ಸಾಕು. ಮೈಮೇಲಿನ ಬಟ್ಟೆಗೂ ಇದೇ ಲೆಕ್ಕ. ಒಂದು ದಪ್ಪದ್ದರ ಬದಲು ಎರಡು ತೆಳುವಾದವು. ಮೈಗೆ ತಾಗುವುದು ಅಂಟಿಕೊಂಡಿರಲಿ, ಅದರ ಮೇಲಿನದು ಸ್ವಲ್ಪ ಸಡಿಲ ಇರಲಿ. ಎರಡೂ ಬಿಗಿಯಾದರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ.

ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ. ಅಟ್ಟದ ಮೇಲಿನ ಟ್ರಂಕು, ಮಂಚದ ಕೆಳಗಿನ ಸೂಟ್‌ಕೇಸು, ಬೀರುವಿನ ಕೊನೆಯ ಅರೆ, ಎಲ್ಲವನ್ನೂ. ನವೆಂಬರ್‌ನಲ್ಲಿ ಮಳೆ ಬಿಟ್ಟ ಒಂದು ಒಳ್ಳೆಯ ಬಿಸಿಲು ನೋಡಿ ಸ್ವೆಟರ್, ಶಾಲು, ಕಂಬಳಿಗಳನ್ನು ಹರಡಿ. ಜೇಬು, ಕಾಲರ್ ಮಡಚಿದ ಜಾಗ, ಕಂಕುಳಿನ ಹೊಲಿಗೆ ಇವನ್ನು ಒಳಮುಖ ಮಾಡಿ ಕೊಡವಿ. ಉಣ್ಣೆಗೆ ಹತ್ತುವ ಹುಳ ಮೊಟ್ಟೆ ಇಡುವುದು ಇಂಥ ಮೂಲೆಗಳಲ್ಲೇ. ರೇಷ್ಮೆಯನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ನೆರಳಲ್ಲಿ ಗಾಳಿಗೆ ಬಿಟ್ಟರೆ ಸಾಕು. ಬೆಳಕಿನಲ್ಲಿ ಹರಡಿದಾಗಲೇ ಯಾವುದರ ಗುಂಡಿ ಹೋಗಿದೆ, ಯಾವುದರ ಮೊಣಕೈ ತೆಳುವಾಗಿದೆ ಗೊತ್ತಾಗುವುದು. ಅರ್ಧ ಮನೆಗಳಲ್ಲಿ ಸ್ವೆಟರ್ ಇಲ್ಲ ಅನ್ನುವುದಕ್ಕೆ ಕಾರಣ ಒಂದು ಗುಂಡಿ ಅಷ್ಟೇ.

ಸೀರೆ ಉಡುವವರಿಗೆ ಚಳಿ ಹೊಡೆಯುವುದು ಕಾಲಿಗೆ ಮತ್ತು ಸೊಂಟಕ್ಕೆ. ಸ್ಯಾಟಿನ್ ಲಂಗವನ್ನು ಬದಿಗಿಟ್ಟು ದಪ್ಪ ಕಾಟನ್ ಲಂಗ ಉಡಿ. ಅದರ ಒಳಗೆ ಹಳೆಯ ಲೆಗ್ಗಿಂಗ್ಸ್ ಹಾಕಿಕೊಳ್ಳಿ, ಕೆಳಗೆ ಪಾದದ ಹತ್ತಿರ ಕಾಣಿಸುವಂತಿದ್ದರೆ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿ ಮಡಚಿ ಹೊಲಿಯಿರಿ. ಯಾರಿಗೂ ತಿಳಿಯುವುದಿಲ್ಲ. ಧನುರ್ಮಾಸದಲ್ಲಿ ಕತ್ತಲಿರುವಾಗಲೇ ದೇವಸ್ಥಾನಕ್ಕೆ ಹೋಗುವವರಿಗೆ ಇದು ತುಂಬ ಅನುಕೂಲ. ರೇಷ್ಮೆ ಸೀರೆ ತಾನೇ ಬೆಚ್ಚಗಿರುತ್ತದೆ. ಮದುವೆಗೆ ಅಂತ ಎತ್ತಿಟ್ಟ ಸಾದಾ ರೇಷ್ಮೆಗಳನ್ನು ಈ ಎರಡು ತಿಂಗಳು ಉಟ್ಟು ಬಿಡಿ, ಟ್ರಂಕಿನಲ್ಲಿ ಮಡಿಕೆ ಸೀಳುವುದಕ್ಕಿಂತ ಅದು ಮೇಲು. ರವಿಕೆಯ ಮೇಲೆ ಹಾಕುವ ಸ್ವೆಟರ್‌ಗೆ ಮುಂದೆ ಗುಂಡಿ ಇರಲಿ. ತಲೆಯ ಮೇಲಿಂದ ಹಾಕುವುದಾದರೆ ಸೆರಗಿನ ನೆರಿಗೆಯೂ ಕೆಡುತ್ತದೆ, ಜಡೆಯೂ ಕೆಡುತ್ತದೆ.

ಹಾಗಾದರೆ ತಲೆಯ ಮೇಲಿಂದ ಹಾಕುವ ಹಳೆ ಸ್ವೆಟರ್ ಏನು ಮಾಡುವುದು? ಮುಂದೆ ಸೀಳಿ. ಮೊದಲು ಎದೆಯ ನಡುವೆ ಮೇಲಿನಿಂದ ಕೆಳಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಗೆ, ಗೆರೆಯಿಂದ ಒಂದು ಬೆರಳು ಬಿಟ್ಟು, ಹೊಲಿಗೆ ಯಂತ್ರದಲ್ಲಿ ಎರಡೆರಡು ಸಾಲು ಒತ್ತಾಗಿ ಹೊಲಿಯಿರಿ. ಆಮೇಲೆ ನಡುವೆ ಕತ್ತರಿ ಹಾಕಿ. ಮೊದಲೇ ಕತ್ತರಿಸಿದರೆ ಹೆಣಿಗೆ ಬಿಚ್ಚಿಕೊಂಡು ಹೋಗುತ್ತದೆ, ಮತ್ತೆ ಹಿಡಿಯಲಾಗುವುದಿಲ್ಲ. ಕತ್ತರಿಸಿದ ಅಂಚಿಗೆ ಹಳೆ ಸೀರೆಯ ಫಾಲ್ ಅಥವಾ ಬಾರ್ಡರ್ ಪಟ್ಟಿ ಕೂರಿಸಿ ಗುಂಡಿ ಇಟ್ಟರೆ ಸೀರೆಗೂ ಹೊಂದುವ ಕಾರ್ಡಿಗನ್ ಸಿದ್ಧ.

ಕೈಯಲ್ಲಿ ಹೆಣೆದದ್ದಾದರೆ ಇನ್ನೂ ಒಳ್ಳೆಯದು, ಪೂರ್ತಿ ಬಿಚ್ಚಿ ಮತ್ತೆ ಹೆಣೆಯಬಹುದು. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಲ್ಲಿ ಅದ್ದಿ, ಕೆಳಗೊಂದು ಸಣ್ಣ ಭಾರ ತೂಗುಬಿಟ್ಟು ನೆರಳಲ್ಲಿ ಒಣಗಿಸಿದರೆ ನೇರವಾಗುತ್ತದೆ. ದೊಡ್ಡವರ ಒಂದು ಸ್ವೆಟರ್‌ನಿಂದ ಮಗುವಿಗೆ ಒಂದು, ಜೊತೆಗೆ ಟೋಪಿ ಆಗುತ್ತದೆ. ಅಂಚಿಗೆ 11ನೇ ನಂಬರ್ ಕಡ್ಡಿ, ಮೈಗೆ 9 ಅಥವಾ 10. ಅಂಗಡಿಯಲ್ಲಿ ತಂದ ಸ್ವೆಟರ್ ಬಿಚ್ಚಲು ಕೂರುವ ಮುಂಚೆ ಬದಿಯ ಹೊಲಿಗೆಯನ್ನು ತಿರುವಿ ನೋಡಿ. ಅಲ್ಲಿ ಓವರ್‌ಲಾಕ್ ಹೊಡೆದಿದ್ದರೆ ಕೈ ಹಾಕಬೇಡಿ. ಪ್ರತಿ ಸಾಲಿನ ಕೊನೆಯಲ್ಲೂ ದಾರ ಕತ್ತರಿಸಿರುತ್ತದೆ, ಸಿಗುವುದು ತುಂಡು ತುಂಡು. ಅಂಥದ್ದರ ತೋಳುಗಳನ್ನು ಕತ್ತರಿಸಿ ಕಾಲಿಗೆ ಹಾಕಿಕೊಳ್ಳಿ, ಮಂಡಿನೋವಿನವರಿಗೆ ಹಿತವಾಗಿರುತ್ತದೆ.

ಕಾಟನ್ ಕುರ್ತಾಗಳಿಗೆ ಲೈನಿಂಗ್ ಕೊಡುವುದು ನನಗೆ ಬಹಳ ಇಷ್ಟದ ಕೆಲಸ. ಸವೆದು ಮೆತ್ತಗಾದ ಕಾಟನ್ ಸೀರೆಗಿಂತ ಒಳ್ಳೆಯ ಲೈನಿಂಗ್ ಬಟ್ಟೆ ಇಲ್ಲ. ಕುಗ್ಗುವಷ್ಟು ಎಂದೋ ಕುಗ್ಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟಿರುತ್ತದೆ. ಒಳಗಿನ ಬಟ್ಟೆಯನ್ನು ಹೊರಗಿನದಕ್ಕಿಂತ ಒಂದಿಷ್ಟು ಅಗಲವಾಗಿ ಕತ್ತರಿಸಿ, ಬೆನ್ನಿನ ನಡುವೆ ಅರ್ಧ ಇಂಚಿನ ಒಂದು ನೆರಿಗೆ ಹಿಡಿಯಿರಿ. ಅದಿಲ್ಲದಿದ್ದರೆ ಕೈ ಮುಂದೆ ಚಾಚಿದಾಗಲೆಲ್ಲ ಬೆನ್ನು ಎಳೆಯುತ್ತದೆ, ಕೊನೆಗೆ ಕಂಕುಳಲ್ಲಿ ಹರಿಯುತ್ತದೆ. ಹೊಲಿಯುವ ಪುರುಸೊತ್ತು ಇಲ್ಲವೆಂದರೆ ಹಳೆ ಟೀ-ಶರ್ಟನ್ನು ಒಳಗೆ ಹಾಕಿ, ಅದೇ ಲೈನಿಂಗ್. ದುಪಟ್ಟಾ ಎರಡನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಎರಡು ಬಣ್ಣದ ಶಾಲು. ಒಂದು ಕಡೆ ಕಾಟನ್, ಇನ್ನೊಂದು ಕಡೆ ಹರಿದ ರೇಷ್ಮೆ ಸೀರೆಯ ತುಂಡು ಆದರೂ ಸರಿ.

ಗಂಡಸರದ್ದು ಬೇಗ ಮುಗಿಯುತ್ತದೆ. ತುಂಬುತೋಳಿನ ಬನಿಯನ್, ಮೇಲೆ ಶರ್ಟು, ಅದರ ಮೇಲೆ ತೋಳಿಲ್ಲದ ಸ್ವೆಟರ್. ಪಂಚೆ ಉಡುವ ಹಿರಿಯರು ಒಳಗೆ ಪೈಜಾಮ ಹಾಕಿಕೊಂಡರೆ ಆಯಿತು, ಒಪ್ಪಿಸುವುದೇ ಕಷ್ಟ!

ಸ್ಕೂಟರ್, ಬೈಕ್ ಓಡಿಸುವವರ ಚಳಿ ಬೇರೆ. ಅವರಿಗೆ ಹೊಡೆಯುವುದು ಗಾಳಿ. ಹೆಣಿಗೆಯ ಸ್ವೆಟರ್ ಎಷ್ಟು ದಪ್ಪ ಇದ್ದರೂ ಗಾಳಿ ತೂತಿನಿಂದ ನುಗ್ಗುತ್ತದೆ. ಮಳೆಗಾಲ ಮುಗಿಯಿತೆಂದು ಮಡಚಿಟ್ಟ ರೇನ್‌ಕೋಟಿನ ಮೇಲಂಗಿ ಇದೆಯಲ್ಲ, ಅದನ್ನು ಸ್ವೆಟರ್ ಮೇಲೆ ಹಾಕಿ. ಗಾಳಿ ತಡೆಯುವುದಕ್ಕೆ ಅಷ್ಟು ಸಾಕು. ಆಫೀಸು ತಲುಪಿದ ಮೇಲೆ ತೆಗೆದು ಒದರಿ ಗಾಳಿಗೆ ಹಾಕಿ, ಒಳಗೆ ಬೆವರು ನಿಂತಿರುತ್ತದೆ. ರೇನ್‌ಕೋಟೂ ಇಲ್ಲವೆಂದರೆ ನ್ಯೂಸ್‌ಪೇಪರನ್ನು ಮಡಚಿ ಶರ್ಟಿನ ಒಳಗೆ ಎದೆಗೆ ಇಟ್ಟುಕೊಳ್ಳುವ ಹಳೆ ಉಪಾಯ ಈಗಲೂ ನಡೆಯುತ್ತದೆ. ಮಫ್ಲರ್, ದುಪಟ್ಟಾ, ಶಾಲಿನ ತುದಿಗಳು ಮಾತ್ರ ಅಂಗಿಯ ಒಳಗೆ ಸೇರಿರಬೇಕು. ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ.

ಬೆಂಕಿಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಈಗಿನ ಸ್ವೆಟರ್, ಶಾಲುಗಳಲ್ಲಿ ಜಾಸ್ತಿ ಇರುವುದು ಅಕ್ರಿಲಿಕ್, ಪಾಲಿಯೆಸ್ಟರ್. ಉಣ್ಣೆ ಹೌದೋ ಅಲ್ಲವೋ ತಿಳಿಯಬೇಕೆಂದರೆ ಒಳ ಅಂಚಿನಿಂದ ಒಂದೆಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ನೀರಿನ ತೊಟ್ಟಿಯ ಹತ್ತಿರ ನಿಂತು ಕಡ್ಡಿ ಗೀರಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತೆ ಉಳಿದರೆ ಅಲ್ಲ. ಈ ಕರಗುವ ಬಟ್ಟೆ ಮೈಗೆ ಅಂಟಿಕೊಂಡು ಸುಡುತ್ತದೆ. ಆದ್ದರಿಂದ ಬಚ್ಚಲ ಒಲೆಗೆ ಸೌದೆ ಹಾಕುವಾಗ, ಗ್ಯಾಸಿನ ಮುಂದೆ ನಿಂತಾಗ, ಬೆಂಕಿ ಕಾಯಿಸಿಕೊಳ್ಳುವಾಗ ಅಂಥ ಶಾಲು ಬೇಡ. ಅಡುಗೆಮನೆಗೆ ತೋಳು ಮೈಗಂಟಿದ ಕಾಟನ್ ಮೇಲಂಗಿಯೇ ಸರಿ.

ವಯಸ್ಸಾದವರಿಗೆ ಕಾಲುಚೀಲ ಬೇಕೇ ಬೇಕು. ಆದರೆ ಗ್ರಾನೈಟ್, ಟೈಲ್ಸ್ ನೆಲದಲ್ಲಿ ಬರೀ ಕಾಲುಚೀಲದಲ್ಲಿ ಓಡಾಡಿದರೆ ಜಾರುತ್ತದೆ. ಈ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ. ಮನೆಯೊಳಗೊಂದು ಜೊತೆ ರಬ್ಬರ್ ಚಪ್ಪಲಿ ಇಟ್ಟುಕೊಳ್ಳಿ, ಬೆರಳು ಸೇರದಿದ್ದರೆ ಮುಂದೆ ಪಟ್ಟಿಯಿರುವಂಥದ್ದು. ಸಕ್ಕರೆ ಕಾಯಿಲೆ ಇದ್ದವರು ಕಾಲುಚೀಲದ ಎಲಾಸ್ಟಿಕ್ ಗೆರೆ ಬೀಳಿಸುತ್ತದೆಯೇ ಎಂದು ಸಂಜೆ ನೋಡಿಕೊಳ್ಳಿ. ಗೆರೆ ಕಂಡರೆ ಎಲಾಸ್ಟಿಕ್ಕನ್ನು ಎರಡು ಕಡೆ ಕತ್ತರಿಸಿ ಸಡಿಲ ಮಾಡಿ.

ಕಂಬಳಿಯ ಬಗ್ಗೆ ಒಂದು ಮಾತು. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಮನೆಯಲ್ಲಿದ್ದರೆ ಚುಚ್ಚುತ್ತದೆ ಅಂತ ಮೂಲೆಗೆ ಹಾಕಬೇಡಿ. ಹಳೆ ಕಾಟನ್ ಸೀರೆಯನ್ನು ಒಳಮುಖಕ್ಕೆ ಇಟ್ಟು ಅಂಚಿನಲ್ಲಿ ಮಾತ್ರ ದೊಡ್ಡ ದೊಡ್ಡ ಹೊಲಿಗೆ ಹಾಕಿ. ಕೊಳೆಯಾದಾಗ ಸೀರೆ ಬಿಚ್ಚಿ ಒಗೆಯಬಹುದು, ಕಂಬಳಿಗೆ ನೀರು ತಾಗಿಸುವ ಕೆಲಸವೇ ಇಲ್ಲ. ಇಂಥ ಕಂಬಳಿ ತೇವವನ್ನು ಹೀರಿಕೊಂಡರೂ ಒದ್ದೆ ಅನಿಸುವುದಿಲ್ಲ. ಮಲೆನಾಡಿನವರು ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದದ್ದು ಸುಮ್ನೆ ಅಲ್ಲ.

ಅಮೆರಿಕ, ಕೆನಡಾದಲ್ಲಿರುವ ಮಕ್ಕಳಿಗೆ ಇದೆಲ್ಲ ಅರ್ಧಕ್ಕರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೊರಗಿನ ಕೋಟು, ಬೂಟು ಅಲ್ಲೇ ಕೊಳ್ಳಬೇಕು, ಇಲ್ಲಿಂದ ಹೊತ್ತುಕೊಂಡು ಹೋದದ್ದು ಆ ಹಿಮಕ್ಕೆ ಸಾಲದು. ಅಲ್ಲಿ ಮೈಗೆ ತಾಗುವ ಬಟ್ಟೆ ಕಾಟನ್ ಆಗಿರದಿದ್ದರೆ ಒಳ್ಳೆಯದು. ನಡೆದು ಬೆವರಿದರೆ ಕಾಟನ್ ಒದ್ದೆಯಾಗಿಯೇ ಇದ್ದು ಮೈ ತಣ್ಣಗೆ ಮಾಡುತ್ತದೆ. ತೆಳು ಉಣ್ಣೆಯೋ, ರೇಷ್ಮೆಯೋ ಇದ್ದರೆ ಒಳಗೆ ಅದನ್ನು ಹಾಕಲಿ. ನಮ್ಮಲ್ಲಿ ಅಷ್ಟು ಚಳಿ ಇಲ್ಲದ್ದರಿಂದ ಕಾಟನ್‌ಗೆ ತೊಂದರೆ ಇಲ್ಲ.

ಇನ್ನು ಒಗೆಯುವುದು. ನಿಜವಾದ ಉಣ್ಣೆಗೆ ಬಿಸಿನೀರು, ಉಜ್ಜುವುದು, ಹಿಂಡುವುದು ಮೂರೂ ಆಗುವುದಿಲ್ಲ. ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗಿ ಗಟ್ಟಿಯಾಗುತ್ತದೆ. ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ, ಆ ನೊರೆಯಲ್ಲಿ ಅದ್ದಿ ತೆಗೆಯಿರಿ. ತಣ್ಣೀರಲ್ಲಿ ಜಾಲಾಡಿ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ನೆರಳಲ್ಲಿ ಹರಡಿ. ತಂತಿಗೆ ನೇತು ಹಾಕಿದರೆ ತೋಳು ಮೊಳಕಾಲಿನವರೆಗೆ ಬೆಳೆಯುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುತ್ತಾರಲ್ಲ, ಆಗ ಎತ್ತಿಡುವ ಕೆಲಸ. ಒಗೆಯದೆ ಎತ್ತಿಡಬೇಡಿ. ಹುಳಕ್ಕೆ ಬೇಕಾದದ್ದು ಉಣ್ಣೆಯ ಜೊತೆ ಅದರಲ್ಲಿ ಉಳಿದ ಬೆವರು, ಊಟದ ಕಲೆ. ಒಣಗಿದ ಬೇವಿನ ಎಲೆ, ಬಜೆ, ಲಾವಂಚದ ಬೇರು ಇವುಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ. ವಾಸನೆ ಕಮ್ಮಿಯಾದಾಗ ಬದಲಿಸಬೇಕು, ಇಟ್ಟು ಮರೆತರೆ ಕೆಲಸ ಮಾಡುವುದಿಲ್ಲ. ನುಸಿ ಗುಳಿಗೆ ಹಾಕುವವರು ಒಂದು ವಿಷಯ ತಿಳಿದಿರಲಿ. ಗುಳಿಗೆ ಹಾಕಿಟ್ಟ ಕುಲಾವಿ, ಸ್ವೆಟರ್, ಶಾಲನ್ನು ತೆಗೆದ ಹಾಗೆಯೇ ಹಸುಗೂಸಿಗೆ ಹಾಕಬಾರದು. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಮ್ಮಿ ಇರುವ ಮಕ್ಕಳಿಗೆ ಆ ಗುಳಿಗೆಯ ಆವಿಯಿಂದ ರಕ್ತಕಣಗಳು ಒಡೆದು ಕಾಮಾಲೆ ಏರಬಹುದು. ಯಾವ ಮಗುವಿಗೆ ಆ ಕೊರತೆ ಇದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಎಳೆಮಕ್ಕಳ ಬಟ್ಟೆಯನ್ನು ಬೇರೆ ಡಬ್ಬಿಯಲ್ಲಿ, ಗುಳಿಗೆ ಇಲ್ಲದೆ, ಬೇವಿನ ಎಲೆಯ ಜೊತೆ ಇಡಿ. ಬಾಣಂತಿ ಇರುವ ಮನೆಯಲ್ಲಿ ದೊಡ್ಡವರ ಶಾಲನ್ನೂ ಒಗೆದು ಬಿಸಿಲಿಗೆ ಹಾಕಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ.