ಮರೆತುಹೋದ ಮಹಿಳೆಯನ್ನು ಊರಿಗೆ ಪರಿಚಯಿಸುವುದು ಹೇಗೆ: ಸ್ಮರಣೆ ಕಾರ್ಯಕ್ರಮಕ್ಕೊಂದು ಕೈಪಿಡಿ

ಮಹಿಳಾ ದಿನಾಚರಣೆ ಹತ್ತಿರ ಬಂದಾಗ ಶಾಲೆಗಳಲ್ಲಿ, ಮಹಿಳಾ ಮಂಡಲಗಳಲ್ಲಿ, ಹೊರನಾಡಿನ ಕನ್ನಡ ಸಂಘಗಳಲ್ಲಿ ಕಿತ್ತೂರು ಚೆನ್ನಮ್ಮ, ಅಕ್ಕಮಹಾದೇವಿ, ಓಬವ್ವ ಈ ಮೂವರ ವೇಷವೇ ಮತ್ತೆ ಮತ್ತೆ ವೇದಿಕೆಗೆ ಬರುತ್ತದೆ. ಅವರ ಹಿರಿಮೆಯ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ನಾಡನ್ನು ಆಳಿದ, ಗ್ರಂಥಗಳ ಪ್ರತಿ ಮಾಡಿಸಿ ಹಂಚಿದ, ಪತ್ರಿಕೆ ನಡೆಸಿದ, ಸ್ವಯಂಸೇವಕಿಯರ ಪಡೆ ಕಟ್ಟಿದ ಅನೇಕ ಮಹಿಳೆಯರು ದಾಖಲೆಗಳಲ್ಲಿ ಸ್ಪಷ್ಟವಾಗಿ ಇದ್ದೂ ಊರಿನ ನೆನಪಿನಲ್ಲಿ ಇಲ್ಲ. ಅಂಥವರನ್ನು ಸ್ಮರಿಸುವ ಕಾರ್ಯಕ್ರಮವನ್ನು ಕಟ್ಟುವವರಿಗಾಗಿ ಈ ಬರಹ. ನನ್ನ ಸಲಹೆ ಚಿಕ್ಕದು: ಒಬ್ಬಳೇ ಮಹಿಳೆ, ಅವಳು ಮಾಡಿದ ಒಂದು ಕೆಲಸ, ಆ ಕೆಲಸಕ್ಕೆ ಒಂದು ದಾಖಲೆ. ಇಪ್ಪತ್ತು ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿದರೆ ಮನೆಗೆ ಹೋಗುವಾಗ ಒಬ್ಬರ ಹೆಸರೂ ಯಾರಿಗೂ ನೆನಪಿರುವುದಿಲ್ಲ.

ಹುಡುಕಾಟವನ್ನು ನಿಮ್ಮ ತಾಲೂಕಿನ ಶಾಸನಗಳಿಂದ ಆರಂಭಿಸುವುದು ಒಳ್ಳೆಯದು. ಹಳೆಯ ಮೈಸೂರು ಸೀಮೆಯವರಿಗೆ ಬಿ. ಎಲ್. ರೈಸ್ 1886ರಿಂದ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಅವುಗಳ ಪರಿಷ್ಕೃತ ಆವೃತ್ತಿಗಳನ್ನೂ ತಂದಿದೆ. ಧಾರವಾಡ, ಗದಗ, ವಿಜಯಪುರದ ಕಡೆಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ ಮುಂಬಯಿ ಕರ್ನಾಟಕದ ಶಾಸನಗಳಿಗೆ ಮೀಸಲಾದ ಸಂಪುಟಗಳನ್ನು ನೋಡಬೇಕು. ರೈಸ್ ಅವರ ಸಂಪುಟಗಳು ತಾಲೂಕುವಾರು ಜೋಡಣೆಯಾಗಿರುವುದರಿಂದ ನಿಮ್ಮ ಊರಿನ ಪುಟಗಳು ಬೇಗ ಸಿಗುತ್ತವೆ. ಓದುವಾಗ ಅಬ್ಬೆ, ಅಕ್ಕ, ಅರಸಿ, ದೇವಿ ಎಂದು ಮುಗಿಯುವ ಹೆಸರುಗಳ ಮೇಲೆ ಕಣ್ಣಿಡಿ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ಕ್ರಿಸ್ತಶಕದ ವರ್ಷ ಬಹುಪಾಲು ಸರಿಯಾಗಿಯೇ ಬರುತ್ತದೆ.

ಇಂಥ ಹುಡುಕಾಟದಲ್ಲಿ ಎಂಥವರು ಸಿಗಬಹುದು ಎಂಬುದಕ್ಕೆ ಜಕ್ಕಿಯಬ್ಬೆಯೇ ಉದಾಹರಣೆ. ಶಿಕಾರಿಪುರ ತಾಲೂಕಿನ ಶಾಸನಗಳಿರುವ ರೈಸ್ ಅವರ ಏಳನೆಯ ಸಂಪುಟದಲ್ಲಿ ಹತ್ತನೆಯ ಶತಮಾನದ ಆರಂಭದ, ರಾಷ್ಟ್ರಕೂಟರ ಕಾಲದ ಒಂದು ಶಾಸನವಿದೆ. ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ, ಅಂದರೆ ನಾಡಿನ ಆಡಳಿತಾಧಿಕಾರಿ, ಆಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಆಡಳಿತದಲ್ಲಿ ಅವಳು ಸಮರ್ಥೆಯಾಗಿದ್ದಳೆಂದೂ ಹೆಣ್ಣಾದರೂ ತನ್ನ ಪರಾಕ್ರಮದಿಂದ ನಾಗರಖಂಡವನ್ನು ಕಾಪಾಡಿದಳೆಂದೂ ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಅವಳು ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಈಗ ಬಂದಳಿಕೆ ಎಂದು ಕರೆಯುವ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ (ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನ ವ್ರತ) ಹಿಡಿದಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಹೋದ ಒಂದು ಸರಕಾರಿ ಹುದ್ದೆಯ ಕಥೆ ಒಂದೇ ಕಲ್ಲಿನಲ್ಲಿ ಹೀಗೆ ಸಿಗುವಾಗ ಅದಕ್ಕೆ ಬಣ್ಣ ಹಚ್ಚಬೇಕಾದ ಅಗತ್ಯವೇನೂ ಇಲ್ಲ. ಶಾಸನದ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಪಕ್ಕದಲ್ಲಿ ಹೊಸಗನ್ನಡದ ಸರಳ ಅರ್ಥವನ್ನು ಇಟ್ಟರೆ ಸಾಕು.

ಕಲ್ಲಿನ ಬಳಿಗೇ ಜನರನ್ನು ಕರೆದೊಯ್ಯುವುದಾದರೆ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಬಣ್ಣ ಯಾವುದನ್ನೂ ಬಳಿಯಲು ಬಿಡಬಾರದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ತಾವಾಗಿಯೇ ಮೂಡಿ ಕಾಣುತ್ತವೆ; ನೆರಳಿನಲ್ಲಿರುವ ಕಲ್ಲಿಗೆ ಕನ್ನಡಿಯೊಂದರಿಂದ ಪಕ್ಕದಿಂದ ಬೆಳಕು ಹಾಯಿಸಬಹುದು. ಧೂಳಿದ್ದರೆ ಮೃದುವಾದ ಕುಂಚ ಸಾಕು. ಕಾಗದ ಒತ್ತಿ ಅಚ್ಚು ತೆಗೆಯುವ ಕೆಲಸವನ್ನು ತರಬೇತಿ ಪಡೆದವರಿಗೆ ಬಿಡಬೇಕು, ಸಂರಕ್ಷಿತ ಸ್ಮಾರಕವಾದರೆ ಸಂಬಂಧಪಟ್ಟ ಇಲಾಖೆಯ ಅನುಮತಿಯನ್ನು ಮೊದಲೇ ಕೇಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಊರಿನ ಹೊರಗೆ ಬಳೆ ತೊಟ್ಟ ಎತ್ತಿದ ಕೈಯಿರುವ ಮಾಸ್ತಿಕಲ್ಲು (ಗಂಡನ ಚಿತೆಯೇರಿದವಳ ನೆನಪಿನ ಕಲ್ಲು) ಕಂಡರೆ, ಇಗೋ ನಮ್ಮೂರ ವೀರನಾರಿ ಎಂದು ಅಲ್ಲೇ ಪೂಜೆ ಇಟ್ಟುಕೊಳ್ಳುವ ಉತ್ಸಾಹ ಬರುವುದುಂಟು. ಸಹಗಮನವನ್ನು ವೈಭವೀಕರಿಸುವುದು 1987ರ ಸತಿ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ಸಾವನ್ನೇ ಸಾಧನೆಯೆಂದು ಹಾಡುವ ಸ್ಮರಣೆಯಲ್ಲಿ ಅವಳ ಬದುಕಿಗೆ ಜಾಗವೇ ಉಳಿಯುವುದಿಲ್ಲ. ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಅಕ್ಕತಂಗಿಯರು; ಚಾಲುಕ್ಯರ ದಂಡನಾಯಕ ನಾಗದೇವನನ್ನು ಇಬ್ಬರೂ ಮದುವೆಯಾಗಿದ್ದರು. ಅವನು ಸತ್ತಾಗ ತಂಗಿ ಚಿತೆಯೇರಿದಳು. ಅಕ್ಕ ಉಳಿದು ಮಗನನ್ನು ಬೆಳೆಸಿದಳು, ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ ಅವನಿಂದ ಅಜಿತಪುರಾಣ ಬರೆಸಿದಳು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಅಲ್ಲಿನ ಶಾಸನದ ಕಾಲ 1007. ಇವಳ ಬಗ್ಗೆ ಇಷ್ಟು ತಿಳಿದಿರುವುದು ಬದುಕಿ ಮಾಡಿದ ಕೆಲಸಗಳಿಂದ.

ಅತ್ತಿಮಬ್ಬೆಯ ಹೆಸರಿನಲ್ಲಿ ಸರಕಾರ ಪ್ರಶಸ್ತಿ ಕೊಡುತ್ತದೆ, ದಾನಚಿಂತಾಮಣಿ ಎಂಬ ಬಿರುದು ಪಠ್ಯಪುಸ್ತಕದಲ್ಲಿದೆ. ಹಾಗಿದ್ದೂ ಅವಳು ಮಾಡಿದ್ದರ ಗಾತ್ರ ನಮ್ಮ ಅರಿವಿಗೆ ಬಂದಿಲ್ಲ ಎಂದೇ ನನ್ನ ಭಾವನೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಅವಳು ಹಂಚಿದಳು. ಮುದ್ರಣಯಂತ್ರ ಇಲ್ಲದ ಕಾಲದಲ್ಲಿ ಇದರ ಅರ್ಥವೇನೆಂಬುದನ್ನು ಭಾಷಣದಲ್ಲಿ ಹೇಳುವುದಕ್ಕಿಂತ ಮಾಡಿಸಿ ತೋರಿಸುವುದು ಲೇಸು. ಬಂದವರೆಲ್ಲರಿಗೂ ಹಳಗನ್ನಡ ಕಾವ್ಯದ ಒಂದೊಂದು ಪದ್ಯವನ್ನು ಕೊಟ್ಟು, ಒಂದೂ ತಪ್ಪಿಲ್ಲದಂತೆ ಕೈಯಲ್ಲಿ ನಕಲು ಮಾಡಲು ಹೇಳಿ. ಎಷ್ಟು ಹೊತ್ತು ಹಿಡಿಯಿತೆಂದು ಗುರುತು ಹಾಕಿಕೊಂಡು, ಅದನ್ನು ಕಾವ್ಯದ ಪದ್ಯಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ ಸಾವಿರದಿಂದ ಗುಣಿಸಲು ಮಕ್ಕಳಿಗೆ ಹೇಳಿ. ನಾವು ಬರೆಯುವುದು ಕಾಗದದ ಮೇಲೆ. ಅಂದಿನ ಲಿಪಿಕಾರರು ತಾಳೆಗರಿಯನ್ನು ಹದಮಾಡಿ, ಕಂಠವೆಂಬ ಮೊನಚಾದ ಲೋಹದ ಲೇಖನಿಯಿಂದ ಅಕ್ಷರ ಕೊರೆದು, ಮೇಲೆ ಮಸಿ ತೊಡೆದು ಒರೆಸಬೇಕಿತ್ತು. ಈ ಲೆಕ್ಕ ಮುಗಿಯುವ ಹೊತ್ತಿಗೆ ದಾನ ಎಂಬ ಮಾತಿನ ಹಿಂದೆ ಒಂದು ಪ್ರಕಾಶನ ಸಂಸ್ಥೆಯಷ್ಟು ದೊಡ್ಡ ಏರ್ಪಾಡು ಇತ್ತೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಇತ್ತೀಚಿನ ಕಾಲದವರನ್ನು ಆರಿಸಿಕೊಂಡರೆ ಹುಡುಕುವ ದಾರಿ ಬೇರೆ. ಮೊದಲನೆಯ ತೊಡಕು ಮದುವೆಯಾದ ಮೇಲೆ ಬದಲಾಗುವ ಹೆಸರಿನದು. ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಹುಟ್ಟಿದ್ದು 1892ರಲ್ಲಿ, ಭವಾನಿ ಗೋಳಿಕೇರಿ ಎಂಬ ಹೆಸರಿನಲ್ಲಿ. ಒಂದೇ ಹೆಸರನ್ನು ಹಿಡಿದು ಹುಡುಕಿದರೆ ಅರ್ಧ ಬದುಕು ಕೈತಪ್ಪುತ್ತದೆ. ಆದ್ದರಿಂದ ತವರಿನ ಹೆಸರು, ಗಂಡನ ಮನೆಯ ಹೆಸರು, ಇಂಥವರ ಧರ್ಮಪತ್ನಿ ಎಂಬ ಉಲ್ಲೇಖ ಇವೆಲ್ಲವನ್ನೂ ಮೊದಲೇ ಪಟ್ಟಿ ಮಾಡಿಕೊಳ್ಳಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನವೆಂದರೆ ಗಾಂಧೀಜಿಯವರ ಅಧ್ಯಕ್ಷತೆ ಎಲ್ಲರಿಗೂ ಗೊತ್ತು. ಅಲ್ಲಿ ನೂರಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕಲೆಹಾಕಿ ದುಡಿಸಿದವರು ಹಿಂದೂಸ್ತಾನಿ ಸೇವಾದಳವೆಂಬ ಸ್ವಯಂಸೇವಕ ಸಂಘಟನೆಯ ಉಮಾಬಾಯಿ. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ಮನೆಮನೆಗೆ ಹೋಗಿ, ಹೊಸ್ತಿಲು ದಾಟದ ಹೆಂಗಸರನ್ನು ಸಮವಸ್ತ್ರ ತೊಡಿಸಿ ಹೊರಗೆ ತಂದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1932ರಲ್ಲಿ ಅವರು ಯರವಡಾ ಜೈಲಿನಲ್ಲಿದ್ದರು. ಉಮಾಬಾಯಿ ನೆಲೆಸಿದ್ದ ಹುಬ್ಬಳ್ಳಿಯವರು ಇವರೊಬ್ಬರನ್ನೇ ಇಟ್ಟುಕೊಂಡು ಇಡೀ ದಿನದ ಕಾರ್ಯಕ್ರಮ ಮಾಡಬಹುದು.

ಮನೆಗಳಲ್ಲಿರುವ ಹಿರಿಯರನ್ನು ಮಾತಾಡಿಸುವಾಗ ಅವರು ಹೇಗಿದ್ದರು ಎಂದು ಕೇಳಿದರೆ ತಾಳ್ಮೆ, ತ್ಯಾಗ, ಅನ್ನಪೂರ್ಣೆ ಎಂಬ ಉತ್ತರಗಳೇ ಬರುತ್ತವೆ. ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ದುಡ್ಡು ಯಾರ ಕೈಯಲ್ಲಿತ್ತು, ಯಾರು ವಿರೋಧಿಸಿದರು ಎಂದು ಕೇಳಬೇಕು. ಪೆಟ್ಟಿಗೆಯಲ್ಲಿರುವ ಪತ್ರ, ಲೆಕ್ಕದ ಪುಸ್ತಕ, ಹಾಡು ಬರೆದ ನೋಟುಗಳ ಚಿತ್ರ ತೆಗೆದುಕೊಂಡು ಮೂಲವನ್ನು ಅಲ್ಲಿಯೇ ಬಿಡಿ. ಧ್ವನಿ ಮುದ್ರಿಸಿಕೊಳ್ಳುವ ಮೊದಲೂ ಪ್ರದರ್ಶನಕ್ಕಿಡುವ ಮೊದಲೂ ಮನೆಯವರ ಒಪ್ಪಿಗೆ ಪಡೆಯಿರಿ. ಕೇಳಿದ ಮಾತನ್ನು ಕೇಳಿದ್ದು ಎಂದೇ ಬರೆಯಿರಿ, ದಾಖಲೆಯಲ್ಲಿದ್ದುದಕ್ಕೆ ಪುಟಸಂಖ್ಯೆ ಹಾಕಿ. ಐತಿಹ್ಯವನ್ನು ಕೈಬಿಡಬೇಕಾಗಿಲ್ಲ, ಎರಡನ್ನೂ ಬೆರೆಸಬಾರದು ಅಷ್ಟೇ.

ಬರಹಗಾರ್ತಿಯರಾದರೆ ಅವರ ಬರಹವನ್ನೇ ಗಟ್ಟಿಯಾಗಿ ಓದಿಸುವುದಕ್ಕಿಂತ ಒಳ್ಳೆಯ ಸ್ಮರಣೆ ಇಲ್ಲ. ನಂಜನಗೂಡು ತಿರುಮಲಾಂಬ ಬಾಲ್ಯದಲ್ಲಿಯೇ ವಿಧವೆಯಾಗಿ, ಮನೆಯಲ್ಲಿಯೇ ಓದು ಮುಂದುವರಿಸಿ, 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆಯನ್ನು ಆರಂಭಿಸಿದರು; ಕರ್ನಾಟಕ ನಂದಿನಿ ಪತ್ರಿಕೆಯನ್ನೂ ನಡೆಸಿದರು. ಬರೆಯುವವರು, ಅಚ್ಚು ಹಾಕಿಸುವವರು, ಓದುಗರಿಗೆ ತಲುಪಿಸುವವರು ಎಲ್ಲವೂ ಅವರೇ. ಆಮೇಲೆ ಸಾಹಿತ್ಯ ಚರಿತ್ರೆ ಅವರನ್ನು ಎಷ್ಟು ಮರೆಯಿತೆಂದರೆ, ದಶಕಗಳ ನಂತರ ಅವರು ಇನ್ನೂ ಬದುಕಿದ್ದಾರೆ ಎಂಬುದೇ ಹಲವರಿಗೆ ಹೊಸ ಸುದ್ದಿಯಾಯಿತು. ಅವರು ತೀರಿಕೊಂಡದ್ದು 1982ರಲ್ಲಿ. ನಮ್ಮ ದೇಶದ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಇರುತ್ತದೆ, ಎಂದರೆ ಇವರ ಕೃತಿಗಳಿಗೆ 2042ರ ಕೊನೆಯವರೆಗೆ. ಹಾಗಾಗಿ ಸ್ಮರಣಸಂಚಿಕೆಯಲ್ಲಿ ಇಡೀ ಕಥೆಯನ್ನು ಮರುಮುದ್ರಿಸುವ ಮೊದಲು ಹಕ್ಕುದಾರರ ಅನುಮತಿ ಬೇಕು.

ಕಾರ್ಯಕ್ರಮದ ಮರುದಿನ ಬ್ಯಾನರ್ ಇಳಿಯುತ್ತದೆ. ಆಮೇಲೂ ಹೆಸರು ಎಲ್ಲಿ ಉಳಿಯಬೇಕೆಂಬುದನ್ನು ಮೊದಲ ಸಭೆಯಲ್ಲಿಯೇ ತೀರ್ಮಾನಿಸಿಕೊಳ್ಳಿ. ಪ್ರತಿಮೆಗೆ ಹಣವೂ ಜಾಗವೂ ಬೇಕು, ಜೊತೆಗೆ ಜಗಳವೂ ಬರುತ್ತದೆ. ಶಾಲೆಯ ವಾಚನಾಲಯಕ್ಕೆ ಅವಳ ಹೆಸರಿಡುವುದು, ಕನ್ನಡ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಯಲ್ಲಿ ದತ್ತಿ ಉಪನ್ಯಾಸವೊಂದನ್ನು ಸ್ಥಾಪಿಸುವುದು, ಕನ್ನಡ ವಿಕಿಪೀಡಿಯದಲ್ಲಿ ಆಧಾರಸಹಿತ ಲೇಖನ ಬರೆಯುವುದು ಇವು ಕಡಿಮೆ ಖರ್ಚಿನವು, ಹೆಚ್ಚು ಕಾಲ ನಿಲ್ಲುವವು. ವಿಕಿಪೀಡಿಯಕ್ಕೆ ಮನೆಯವರ ಮಾತು ಆಧಾರವಾಗುವುದಿಲ್ಲ. ಪ್ರಕಟವಾದ ಆಕರ ಬೇಕು. ಅದಕ್ಕಾಗಿ ನೀವು ಸಂಗ್ರಹಿಸಿದ್ದನ್ನು ಮೊದಲು ಸ್ಥಳೀಯ ಪತ್ರಿಕೆಯಲ್ಲೋ ಇತಿಹಾಸದ ನಿಯತಕಾಲಿಕದಲ್ಲೋ ಲೇಖನವಾಗಿ ಪ್ರಕಟಿಸಿ, ಶಾಸನದ ಪ್ರತಿ, ಸಂದರ್ಶನದ ಧ್ವನಿ, ಚಿತ್ರಗಳನ್ನೆಲ್ಲ ದಿನಾಂಕ ಬರೆದ ಒಂದೇ ಕಡತವಾಗಿ ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸಿ ರಶೀದಿ ಪಡೆಯಿರಿ.